ಕಾಡ್ಗಿಚ್ಚು ಆರಿದ ಮೇಲೆ ಮಣ್ಣಿನ ಜೀವಿಗಳು: ಯಾರು ಬೇಗ, ಯಾರು ತಡ?

ಬೇಸಿಗೆಯಲ್ಲಿ ಚಾಮುಂಡಿ ಬೆಟ್ಟಕ್ಕೆ ಬೆಂಕಿ ಬಿದ್ದರೆ ಮೈಸೂರಿನ ಎಷ್ಟೋ ಬೀದಿಗಳಿಗೆ ಹೊಗೆ ಕಾಣುತ್ತದೆ. ನಾಗರಹೊಳೆ ಕಡೆಯೂ ಫೆಬ್ರವರಿಯಿಂದ ಮಳೆ ಹಿಡಿಯುವವರೆಗೆ ಇದೇ ಆತಂಕ. ಸುಟ್ಟ ಮರಗಳ ಸುದ್ದಿ ಪೇಪರಿಗೆ ಬರುತ್ತದೆ. ಮಣ್ಣೊಳಗಿನ ಜೀವಿಗಳ ಕಥೆಯನ್ನು ಅವುಗಳ ಬಗ್ಗೆಯೇ ಓದುತ್ತಿರುವ ನಾವಾದರೂ ಕೇಳಬೇಕು, ಅಲ್ವಾ?

ಮಣ್ಣು ಶಾಖವನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. ಹುಲ್ಲು, ತರಗೆಲೆ ಸರ್ರನೆ ಉರಿದು ಹೋದರೆ ಮೇಲೆ ನೂರಾರು ಡಿಗ್ರಿ ಇದ್ದರೂ 5 ಸೆಂ.ಮೀ. ಕೆಳಗೆ ಬಿಸಿ ಹೆಚ್ಚೇನೂ ಏರದಿರಬಹುದು. ಬಿದ್ದ ಮರದ ದಿಮ್ಮಿ ಗಂಟೆಗಟ್ಟಲೆ ಕೆಂಡವಾಗಿ ಉರಿದರೆ ಮಾತು ಬೇರೆ. ಅದರಡಿಯ ಮಣ್ಣು ಆಳದವರೆಗೂ ಕಾಯುತ್ತದೆ. ನಮ್ಮಲ್ಲಿ ಬೆಂಕಿ ಬೀಳುವ ಹೊತ್ತಿಗೆ ಎರೆಹುಳುಗಳು ತೇವ ಹುಡುಕಿ ಕೆಳಗಿಳಿದು ಸುರುಳಿ ಸುತ್ತಿ ಮಲಗಿರುತ್ತವೆ. ಗೆದ್ದಲು, ಇರುವೆಗಳ ಗೂಡೂ ಆಳದಲ್ಲಿರುತ್ತದೆ. ಹಾಗಾಗಿ ಇವುಗಳಲ್ಲಿ ಬಹಳಷ್ಟು ಬದುಕಿಕೊಳ್ಳುತ್ತವೆ.

ದೊಡ್ಡ ಪೆಟ್ಟು ಬೀಳುವುದು ತರಗೆಲೆಯಲ್ಲೇ ಮನೆ ಮಾಡಿಕೊಂಡವಕ್ಕೆ. ಉರಿಯಲ್ಲಿ ಸಾಯದವುಗಳಲ್ಲೂ ಹಲವು ಆಮೇಲೆ ಸಾಯುತ್ತವೆ. ತಿನ್ನಲು ಕೊಳೆತ ಎಲೆ ಇಲ್ಲ, ಶಿಲೀಂಧ್ರ ಇಲ್ಲ. ಕಪ್ಪಾದ ನೆಲ ಬಿಸಿಲಿಗೆ ಕಾದು ತೇವವೂ ಆರುತ್ತದೆ.

ಇಲ್ಲಿ ಎರಡು ಜೀವಿಗಳನ್ನು ಹತ್ತಿರದಿಂದ ನೋಡೋಣ. ಸ್ಪ್ರಿಂಗ್‌ಟೈಲ್ ಎಂಬ ರೆಕ್ಕೆಯಿಲ್ಲದ ಪುಟ್ಟ ಜೀವಿಯ ಹೊಟ್ಟೆಯಡಿ ಮಡಚಿಟ್ಟ ಕವಲು ಇರುತ್ತದೆ. ಮುಟ್ಟಿದರೆ ಅದನ್ನು ನೆಲಕ್ಕೆ ಬಡಿದು ಚಂಗನೆ ನೆಗೆಯುತ್ತದೆ. ಬೇಗ ಬೆಳೆಯುತ್ತದೆ, ಜಾಸ್ತಿ ಮೊಟ್ಟೆ ಇಡುತ್ತದೆ. ಮೇ ತಿಂಗಳ ಮಳೆಗೆ ಮಣ್ಣು ನೆನೆದರೆ, ಉಳಿದ ಕೆಲವೇ ಜೀವಿಗಳಿಂದ ಸಂಖ್ಯೆ ಏರತೊಡಗುತ್ತದೆ. ಒರಿಬ್ಯಾಟಿಡ್ ನುಸಿ ಇದಕ್ಕೆ ತದ್ವಿರುದ್ಧ. ಗಸಗಸೆ ಕಾಳಿಗಿಂತ ಸಣ್ಣದು, ಮೈಮೇಲೆ ಗಟ್ಟಿ ಕವಚ, ನಿಧಾನದ ನಡಿಗೆ. ಮೊಟ್ಟೆ ಕಡಿಮೆ, ಬೆಳೆಯಲು ತಿಂಗಳುಗಟ್ಟಲೆ ಬೇಕು. ಸುಡದೆ ಉಳಿದ ತುಣುಕು ಜಾಗ ಪಕ್ಕದಲ್ಲಿದ್ದರೆ ಅಲ್ಲಿಂದ ಮೆಲ್ಲಗೆ ಬರಬೇಕು. ಹಾರುವ ಜೀರುಂಡೆಗಳಿಗೆ ಈ ಕಷ್ಟವಿಲ್ಲ.

ಅದಕ್ಕೇ ಸುಮ್ನೆ ಒಟ್ಟು ಸಂಖ್ಯೆ ನೋಡಿ "ಚೇತರಿಸಿಕೊಂಡಿದೆ" ಎಂದು ಬರೆಯುವುದು ತಪ್ಪು. ಸ್ಪ್ರಿಂಗ್‌ಟೈಲ್‌ಗಳೇ ತುಂಬಿಕೊಂಡು ನುಸಿಗಳು ಕಾಣದಿದ್ದರೆ ಅದು ಹಳೆಯ ಸಮುದಾಯವಲ್ಲ. ಯಾವ ಜಾತಿ ಎಷ್ಟು ಎಂಬ ಲೆಕ್ಕ ಬೇಕು.

ಈ ಎರಡನ್ನೂ ಮಣ್ಣಿಂದ ಹೊರತೆಗೆದು ಲೆಕ್ಕ ಹಾಕಲು ಬರ್ಲೀಸ್-ಟುಲ್‌ಗ್ರೆನ್ ಆಲಿಕೆ ಸಾಕು. ಜರಡಿಯ ಮೇಲೆ ಮಣ್ಣು, ಅದರ ಮೇಲೆ ಬಲ್ಬು, ಕೆಳಗೆ ಆಲ್ಕೋಹಾಲ್ ಬಾಟಲಿ. ಬಿಸಿಗೆ, ಒಣಗುವುದಕ್ಕೆ ಹೆದರಿ ಜೀವಿಗಳು ಕೆಳಗಿಳಿದು ಬಾಟಲಿಗೆ ಬೀಳುತ್ತವೆ. ಮಣ್ಣಿನ ಸೂಕ್ಷ್ಮ ದುಂಡುಹುಳುಗಳು (ನೆಮಟೋಡ್) ಇದರಲ್ಲಿ ಸಿಗುವುದಿಲ್ಲ, ಅವಕ್ಕೆ ನೀರಿನ ಬೇರ್ಮನ್ ಆಲಿಕೆ ಬೇಕು. ಎರೆಹುಳುಗಳನ್ನು ಕೈಯಲ್ಲೇ ಆರಿಸಬೇಕು. ಸುಟ್ಟ ಜಾಗ, ಸುಡದ ಜಾಗ ಎರಡರಿಂದಲೂ ಒಂದೇ ದಿನ, ಒಂದೇ ಆಳದ ಮಣ್ಣು ತನ್ನಿ.

ತರಗೆಲೆಯ ದಪ್ಪವನ್ನೂ ಅಳೆಯಿರಿ. ಎಲೆ ಪ್ರತಿ ವರ್ಷ ಉದುರುತ್ತದೆ, ಆದರೆ ಕೊಳೆತ ಪದರ ಕಟ್ಟಲು ವರ್ಷಗಳೇ ಬೇಕು. ಅಷ್ಟರಲ್ಲಿ ಅದೇ ಇಳಿಜಾರು ಮತ್ತೆ ಹೊತ್ತಿಕೊಂಡರೆ ನುಸಿಗಳು ಮೊದಲಿಂದ ಶುರು ಮಾಡಬೇಕು. ಆ ಜಾಗ ಹಿಂದೆ ಯಾವಾಗ ಸುಟ್ಟಿತ್ತು ಎಂಬುದನ್ನು ನೋಟ್‌ಬುಕ್ಕಿನ ಮೊದಲ ಸಾಲಿನಲ್ಲೇ ಬರೆದಿಡಿ.