ಒಬ್ಬ ವೆಂಕಟೇಶಪ್ಪ, ಐದು ದಾಖಲೆ: ದೊಡ್ಡ ಸಂಸ್ಥೆಗಳ ಮಾಸ್ಟರ್ ಡೇಟಾ

ಕೋಲಾರ ಸೀಮೆಯ ಹಳ್ಳಿಯೊಂದರಲ್ಲಿ ದಿನಕ್ಕೆರಡು ಹೊತ್ತು ಡೈರಿಗೆ ಹಾಲು ಹಾಕುವ ವೆಂಕಟೇಶಪ್ಪ ಎಂಬ ರೈತರನ್ನು ಊಹಿಸಿಕೊಳ್ಳೋಣ. ಸಂಘದ ಹಾಲು ಶೇಖರಣೆಯ ಕಂಪ್ಯೂಟರಿನಲ್ಲಿ ಅವರೊಂದು ಸದಸ್ಯ ಸಂಖ್ಯೆ, ಒಕ್ಕೂಟದ ಪಾವತಿ ವಿಭಾಗದಲ್ಲಿ ಒಂದು ಬ್ಯಾಂಕ್ ಖಾತೆ, ಪಶು ಆಹಾರದ ಮಾರಾಟದಲ್ಲಿ ಒಬ್ಬ ಗಿರಾಕಿ, ಪಶುವೈದ್ಯ ಸೇವೆಯಲ್ಲಿ ಹಸುವಿನ ಕಿವಿಯೋಲೆಯ ಸಂಖ್ಯೆಯ ಪಕ್ಕದಲ್ಲಿ ಬರೆದ ಮಾಲೀಕ, ರಾಸು ವಿಮೆಯಲ್ಲಿ ಒಂದು ಪಾಲಿಸಿ. ಇಂದು ಬೆಳಿಗ್ಗೆ ಎಷ್ಟು ಲೀಟರ್ ಹಾಲು ಬಂತು, ಫ್ಯಾಟ್ ಎಷ್ಟಿತ್ತು ಎಂಬುದು ವಹಿವಾಟಿನ ದತ್ತಾಂಶವಾದರೆ, ಆ ವಹಿವಾಟು ಯಾರದು, ಯಾವ ಊರಿನದು, ಯಾವ ಸರಕಿನದು ಎಂದು ಹೇಳುವ ಮೂಲ ಪಟ್ಟಿಗಳನ್ನು ಮಾಸ್ಟರ್ ಡೇಟಾ ಎನ್ನುತ್ತಾರೆ. ವಹಿವಾಟುಗಳು ನಿಮಿಷಕ್ಕೊಂದು ಹುಟ್ಟುತ್ತವೆ. ಮಾಸ್ಟರ್ ಡೇಟಾ ಅಪರೂಪಕ್ಕೆ ಬದಲಾಗುತ್ತದೆ, ಆದರೆ ಅದರಲ್ಲಿ ಆದ ಒಂದು ತಪ್ಪು ಮುಂದಿನ ಪ್ರತಿ ವಹಿವಾಟಿಗೂ ಅಂಟಿಕೊಳ್ಳುತ್ತದೆ.

ಈ ಐದು ತಂತ್ರಾಂಶಗಳನ್ನು ಒಂದಕ್ಕೊಂದು ಜೋಡಿಸುವುದೇ ದೊಡ್ಡ ಕೆಲಸವೆಂದು ಬಹಳಷ್ಟು ಆಡಳಿತ ಮಂಡಳಿಗಳು ಭಾವಿಸುತ್ತವೆ. ಪ್ರತಿಯೊಂದನ್ನೂ ಉಳಿದೆಲ್ಲದರೊಂದಿಗೆ ನೇರವಾಗಿ ಜೋಡಿಸಿದರೆ ಐದಕ್ಕೆ 10 ಕೊಂಡಿಗಳು, ಹತ್ತಕ್ಕೆ 45, ಇಪ್ಪತ್ತಕ್ಕೆ 190 ಬೇಕಾಗುತ್ತವೆ. ಆದ್ದರಿಂದಲೇ ಎಲ್ಲವನ್ನೂ ನಡುವಿನ ಒಂದು ಕೇಂದ್ರಕ್ಕೆ ಜೋಡಿಸುವ ಪದ್ಧತಿ ಬಂದಿತು. ಇದು ತಂತ್ರಜ್ಞರು ಬಲ್ಲ ಕೆಲಸ, ಹಣ ಕೊಟ್ಟರೆ ಆಗುತ್ತದೆ. ಕೊಂಡಿಯ ಮೇಲೆ ಹರಿದು ಬಂದ ಎರಡು ದಾಖಲೆಗಳು ಒಬ್ಬರದೋ ಬೇರೆ ಬೇರೆಯವರದೋ ಎಂದು ತೀರ್ಮಾನಿಸುವ ಅಧಿಕಾರ ಯಾರದು ಎಂಬ ಪ್ರಶ್ನೆಗೆ ಮಾತ್ರ ತಂತ್ರಾಂಶದಲ್ಲಿ ಉತ್ತರವಿಲ್ಲ.

ಅಳತೆಯಂಥ ಸರಳ ಸಂಗತಿಯಲ್ಲೇ ಇದು ಕಾಣುತ್ತದೆ. ಒಂದು ಲೀಟರ್ ಹಾಲು ಸುಮಾರು 1.03 ಕಿಲೋ ತೂಗುತ್ತದೆ. ಹಳ್ಳಿಯ ಲೆಕ್ಕ ಲೀಟರಿನಲ್ಲಿದ್ದು, ಟ್ಯಾಂಕರನ್ನು ತೂಗುವ ಕಡೆ ಕಿಲೋದಲ್ಲಿದ್ದು, ಮೂಲ ಪಟ್ಟಿಯಲ್ಲಿ ಮಾನ ಯಾವುದೆಂದು ನಮೂದಿಸದೆ ಎರಡು ಅಂಕಿಗಳನ್ನೂ ಹೋಲಿಸಿದರೆ, ಹತ್ತು ಸಾವಿರ ಲೀಟರಿಗೆ ಸುಮಾರು ಮುನ್ನೂರರಷ್ಟು ಇಲ್ಲದ ಹಾಲು ಪುಸ್ತಕದಲ್ಲಿ ಹುಟ್ಟಿಕೊಳ್ಳುತ್ತದೆ.

ಊರಿನ ಪಟ್ಟಿಗೆ ಇನ್ನೊಂದು ತೊಡಕುಂಟು. 2007ರಲ್ಲಿ ಕೋಲಾರ ಜಿಲ್ಲೆ ಒಡೆದು ಚಿಕ್ಕಬಳ್ಳಾಪುರ ಹೊಸ ಜಿಲ್ಲೆಯಾಯಿತು. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಬಾಗೇಪಲ್ಲಿ, ಗುಡಿಬಂಡೆ ತಾಲ್ಲೂಕುಗಳು ಅದರೊಂದಿಗೆ ಹೋದವು. ಪಟ್ಟಿಯಲ್ಲಿ ‘ಕೋಲಾರ’ವನ್ನು ಅಳಿಸಿ ‘ಚಿಕ್ಕಬಳ್ಳಾಪುರ’ ಎಂದು ಬರೆದುಬಿಟ್ಟರೆ, ಹಳೆಯ ವರ್ಷಗಳ ವರದಿಯನ್ನು ಮತ್ತೆ ತೆಗೆದಾಗ 2005ರ ಕೋಲಾರವೂ ಅರ್ಧವಾಗಿ ಕಾಣುತ್ತದೆ. ಆದ್ದರಿಂದ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಈ ಮಾಹಿತಿ ಸರಿ ಎಂಬುದನ್ನು ದಾಖಲೆಯ ಜೊತೆಗೇ ಇಡಬೇಕಾಗುತ್ತದೆ. ಸದಸ್ಯ ಸಂಖ್ಯೆಯ ಮೊದಲ ಎರಡು ಅಂಕಿಗಳಲ್ಲಿ ಜಿಲ್ಲೆಯನ್ನು ತುರುಕುವ ಹಳೆಯ ಚಾಳಿ ನನಗೆ ಹಿಡಿಸದಿರುವುದೂ ಇದಕ್ಕೇ. ಜಿಲ್ಲೆ ಬದಲಾದ ದಿನ ಆ ಸಂಖ್ಯೆ ಸುಳ್ಳು ಹೇಳತೊಡಗುತ್ತದೆ. ತುಮಕೂರಿನ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಂದು ಬದಲಾದಾಗ, ಹೆಸರನ್ನೇ ಗುರುತಾಗಿ ಬಳಸುತ್ತಿದ್ದ ಪಟ್ಟಿಗಳಿಗೆ ಒಂದೇ ಊರು ಎರಡಾಗಿ ಕಾಣುವಂತಾಯಿತು. ಅರ್ಥವಿಲ್ಲದ ಸಂಖ್ಯೆಗೆ ಈ ಭಯವಿಲ್ಲ.

ಎಲ್ಲಕ್ಕಿಂತ ಕಷ್ಟದ್ದು ಮನುಷ್ಯರ ಹೆಸರು. ಕನ್ನಡದಲ್ಲಿ ಒಂದೇ ರೀತಿ ಬರೆಯುವ ಲಕ್ಷ್ಮಿ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬ ಗುಮಾಸ್ತರು ಕೆ-ಎಸ್-ಎಚ್ ಹಾಕಿ ಬರೆದರೆ ಇನ್ನೊಬ್ಬರು ಎಕ್ಸ್ ಹಾಕುತ್ತಾರೆ. ಉಚ್ಚಾರಣೆಯ ಆಧಾರದ ಮೇಲೆ ಹೆಸರುಗಳನ್ನು ಹೊಂದಿಸಲು ಸೌಂಡೆಕ್ಸ್ ಎಂಬ ವಿಧಾನವಿದೆ. ಅಮೆರಿಕದಲ್ಲಿ 1918ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಹೆಸರಿನ ಮೊದಲ ಅಕ್ಷರವನ್ನು ಉಳಿಸಿಕೊಂಡು, ಮುಂದಿನ ವ್ಯಂಜನಗಳನ್ನು ಮೂರು ಅಂಕಿಗಳಿಗೆ ಇಳಿಸುವುದು ಅದರ ಕ್ರಮ. ಲಕ್ಷ್ಮಿಯ ಎರಡು ಕಾಗುಣಿತಗಳಿಗೂ ‘ಎಲ್ 250’ ಎಂಬ ಒಂದೇ ಸಂಕೇತ ಸಿಗುತ್ತದೆ. ಇಲ್ಲಿಯವರೆಗೆ ಸರಿ. ಆದರೆ ವೆಂಕಟೇಶ, ವೆಂಕಟಪ್ಪ, ವೆಂಕಟರಮಣಪ್ಪ ಮೂವರಿಗೂ ಅದು ‘ವಿ 523’ ಎಂದೇ ಕೊಡುತ್ತದೆ, ಏಕೆಂದರೆ ಮೂರು ಅಂಕಿಗಳು ‘ವೆಂಕಟ’ದಲ್ಲೇ ಮುಗಿದುಹೋಗುತ್ತವೆ. ಇತ್ತ ಎಲ್ಲಪ್ಪನನ್ನು ಒಂದು ಕಡೆ ಇ ಅಕ್ಷರದಿಂದಲೂ ಇನ್ನೊಂದು ಕಡೆ ವೈ ಅಕ್ಷರದಿಂದಲೂ ಬರೆದಿದ್ದರೆ, ಮೊದಲ ಅಕ್ಷರ ಬೇರೆಯಾದ ಕಾರಣ ಒಬ್ಬನೇ ಮನುಷ್ಯ ಇಬ್ಬರಾಗುತ್ತಾನೆ. ವೆಂಕಟನ ಹೆಸರು ಮನೆಮನೆಯಲ್ಲಿರುವ ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಇಂಥ ವಿಧಾನವನ್ನು ತಂದಂತೆಯೇ ಬಳಸಿದರೆ ಅರ್ಧ ಪಟ್ಟಿ ಒಂದೇ ಗುಂಪಿಗೆ ಬಂದು ಬೀಳುತ್ತದೆ.

ಕೆನಡಾದ ಸಂಖ್ಯಾಶಾಸ್ತ್ರಜ್ಞರಾದ ಐವನ್ ಫೆಲೆಗಿ ಮತ್ತು ಅಲನ್ ಸಂಟರ್ 1969ರಲ್ಲಿ ಹೀಗೆ ದಾಖಲೆಗಳನ್ನು ಹೊಂದಿಸುವ ಕೆಲಸಕ್ಕೆ ಗಣಿತದ ಅಡಿಪಾಯ ಹಾಕಿದರು. ಹೆಸರು, ತಂದೆಯ ಹೆಸರು, ಊರು, ಹುಟ್ಟಿದ ವರ್ಷ ಹೀಗೆ ಒಂದೊಂದು ಅಂಶಕ್ಕೂ ಒಂದು ತೂಕ ಕೊಡಬೇಕು. ಆ ಅಂಶ ಒಬ್ಬರದೇ ಎರಡು ದಾಖಲೆಗಳಲ್ಲಿ ಹೊಂದುವ ಸಾಧ್ಯತೆ ಎಷ್ಟು, ಬೇರೆ ಬೇರೆಯವರ ದಾಖಲೆಗಳಲ್ಲಿ ಆಕಸ್ಮಿಕವಾಗಿ ಹೊಂದುವ ಸಾಧ್ಯತೆ ಎಷ್ಟು ಎಂಬುದರ ಅನುಪಾತದಿಂದ ಆ ತೂಕ ಬರುತ್ತದೆ. ಹಾಗಾಗಿ ‘ಮುನಿಯಪ್ಪ’ ಎಂಬ ಹೆಸರು ಎರಡು ಕಡೆ ಹೊಂದಿದರೆ ಈ ಸೀಮೆಯಲ್ಲಿ ಅದು ಅಷ್ಟೇನೂ ಸಾಕ್ಷಿಯಲ್ಲ. ಅಪರೂಪದ ಹೆಸರೊಂದು ಹೊಂದಿದರೆ ಅದರ ತೂಕವೇ ಬೇರೆ. ಒಟ್ಟು ತೂಕ ಹೆಚ್ಚಿದ್ದರೆ ಒಂದೇ, ಕಡಿಮೆಯಿದ್ದರೆ ಬೇರೆ, ನಡುವೆ ಉಳಿದದ್ದನ್ನು ಮನುಷ್ಯರೇ ನೋಡಬೇಕು.

ಆ ನಡುವಿನ ಗುಂಪನ್ನು ಚಿಕ್ಕದು ಮಾಡುವ ಆತುರವೇ ಯೋಜನೆಗಳನ್ನು ಕೆಡಿಸುತ್ತದೆಂದು ನನಗೆ ತೋರುತ್ತದೆ. ಒಬ್ಬರೇ ಎರಡಾಗಿ ಉಳಿದರೆ ಪಶು ಆಹಾರದ ಬಾಕಿ ಸರಿಯಾಗಿ ಕೂಡುವುದಿಲ್ಲ, ಅಷ್ಟೆ. ಇಬ್ಬರು ವೆಂಕಟೇಶಪ್ಪಂದಿರು ಒಂದಾಗಿಬಿಟ್ಟರೆ ಒಬ್ಬರ ಹಾಲಿನ ಹಣ ಇನ್ನೊಬ್ಬರ ಖಾತೆಗೆ ಹೋಗುತ್ತದೆ, ಒಬ್ಬರ ಹಸು ಸತ್ತಾಗ ವಿಮೆ ಇನ್ನೊಬ್ಬರ ಹೆಸರಿನಲ್ಲಿರುತ್ತದೆ, ತಿಂಗಳುಗಟ್ಟಲೆ ಬೆರೆತ ಲೆಕ್ಕವನ್ನು ಬೇರ್ಪಡಿಸುವುದು ಯಾರಿಗೂ ಬೇಡದ ಕೆಲಸವಾಗುತ್ತದೆ. ಆದ್ದರಿಂದ ಹಳೆಯ ದಾಖಲೆಗಳನ್ನು ಅಳಿಸದೆ, ಯಾವ ತಂತ್ರಾಂಶದ ಯಾವ ಸಂಖ್ಯೆ ಯಾರದೆಂದು ತಿಳಿಸುವ ಜೋಡಣೆಯ ಪಟ್ಟಿಯೊಂದನ್ನು ಮೇಲೆ ಇಡುವುದು ಕ್ಷೇಮ. ತಪ್ಪಾದರೆ ಕೊಂಡಿ ಕಳಚಿದರಾಯಿತು. ಒಂದಾದ ದಾಖಲೆಯಲ್ಲೂ ಬ್ಯಾಂಕ್ ಖಾತೆಗೆ ಪಾವತಿ ವಿಭಾಗದ ಮಾತು, ಮೊಬೈಲ್ ಸಂಖ್ಯೆಗೆ ಇತ್ತೀಚೆಗೆ ಪರಿಶೀಲಿಸಿದವರ ಮಾತು, ರಾಸುಗಳ ಸಂಖ್ಯೆಗೆ ಪಶುವೈದ್ಯರ ಮಾತು ನಡೆಯಬೇಕೆಂದು ಮೊದಲೇ ಬರೆದಿಟ್ಟುಕೊಳ್ಳಬೇಕು.

ಅನುಮಾನದ ಜೋಡಿಗಳು ಕೇಂದ್ರ ಕಚೇರಿಯ ಕಂಪ್ಯೂಟರ್ ವಿಭಾಗಕ್ಕೆ ಹೋಗಿ ಪ್ರಯೋಜನವಿಲ್ಲ. ಅವು ಹೋಗಬೇಕಾದದ್ದು ಇಬ್ಬರನ್ನೂ ಮುಖತಃ ಬಲ್ಲ ಸಂಘದ ಕಾರ್ಯದರ್ಶಿಯ ಬಳಿಗೆ. ಅವರು ‘ಇವರಿಬ್ಬರೂ ಬೇರೆ’ ಎಂದರೆ ಆ ಉತ್ತರವನ್ನೂ ಹೆಸರು, ದಿನಾಂಕ ಸಹಿತ ದಾಖಲಿಸಬೇಕು. ಇಲ್ಲವಾದರೆ ಮುಂದಿನ ಬಾರಿ ಹೊಂದಾಣಿಕೆ ನಡೆದಾಗ ಅದೇ ಜೋಡಿ ಮತ್ತೆ ಅವರ ಮೇಜಿಗೇ ಬರುತ್ತದೆ.