ಹುಲ್ಲು ಹೋದರೇನಂತೆ, ಬಾತು ಬೇರೇನಾದರೂ ತಿನ್ನಬಾರದೇ?

ಓದುಗರ ಪ್ರಶ್ನೆ: ಅಮೆರಿಕದ ಚೆಸಪೀಕ್ ಕೊಲ್ಲಿಯಲ್ಲಿ ನೀರಡಿಯ ಹುಲ್ಲು ನಾಶವಾಗಿ ಮುಳುಗು ಬಾತುಗಳು ಕಡಿಮೆಯಾದವು ಎಂದು ಓದಿದೆ. ಅಷ್ಟು ದೊಡ್ಡ ಕೊಲ್ಲಿಯಲ್ಲಿ ತಿನ್ನಲು ಬೇರೇನೂ ಇಲ್ಲವೇ?

ಇದೆ, ಕಪ್ಪೆಚಿಪ್ಪು. ಒಂದು ಜಾತಿಯ ಬಾತು ಅದನ್ನೇ ತಿಂದು ಉಳಿಯಿತು, ಇನ್ನೊಂದಕ್ಕೆ ಅದು ಒಗ್ಗಲಿಲ್ಲ.

ಉಳಿದದ್ದು ಕ್ಯಾನ್ವಾಸ್‌ಬ್ಯಾಕ್. 1950ರ ದಶಕದಲ್ಲಿ ಚಳಿಗಾಲ ಕಳೆಯಲು ಈ ಕೊಲ್ಲಿಗೆ ಸುಮಾರು ಎರಡೂವರೆ ಲಕ್ಷ ಕ್ಯಾನ್ವಾಸ್‌ಬ್ಯಾಕ್‌ಗಳು ಬರುತ್ತಿದ್ದವು. ಅವು ಹುಡುಕಿಕೊಂಡು ಬರುತ್ತಿದ್ದದ್ದು ವೈಲ್ಡ್ ಸೆಲರಿ ಎಂಬ ನೀರಹುಲ್ಲಿನ ಎಲೆಗಾಗಿ ಅಲ್ಲ, ಚಳಿಗಾಲಕ್ಕೆಂದು ಅದು ಕೆಸರಿನೊಳಗೆ ಕೂಡಿಟ್ಟುಕೊಳ್ಳುವ ಪಿಷ್ಟ ತುಂಬಿದ ಮೊಗ್ಗು-ಗಡ್ಡೆಗಾಗಿ. ಬಾತು ಮುಳುಗಿ, ಕೆಸರು ಕೆದಕಿ, ಅದನ್ನು ಕಿತ್ತು ತಿನ್ನುತ್ತದೆ.

ಆ ಹುಲ್ಲು ಹೋದದ್ದು ಬೆಳಕಿಲ್ಲದೆ. ಹೊಲದ ಗೊಬ್ಬರ, ಊರಿನ ಕೊಳಚೆ ನದಿಗಳಲ್ಲಿ ಹರಿದು ಬಂದು ನೀರಿನಲ್ಲಿ ಸಾರಜನಕ, ರಂಜಕ ಹೆಚ್ಚಿದವು. ಅದನ್ನುಂಡ ಪಾಚಿ ನೀರನ್ನು ಹಸಿರುಗಟ್ಟಿಸಿತು, ಎಲೆಗಳ ಮೇಲೂ ಲೋಳೆಯಂತೆ ಕೂತಿತು. ಮೇಲಿನಿಂದ ಮಣ್ಣು ಬೇರೆ. ನೀರಡಿಯ ಗಿಡಕ್ಕೆ ಬಿಸಿಲಿನ ಒಂದು ಪಾಲಾದರೂ ತಲುಪದಿದ್ದರೆ ಅದು ಬದುಕುವುದಿಲ್ಲ. ಹೀಗೆ ಸೊರಗಿದ್ದ ಹಾಸಿನ ಮೇಲೆ 1972ರ ಜೂನ್‌ನಲ್ಲಿ ಆಗ್ನೆಸ್ ಚಂಡಮಾರುತದ ಪ್ರವಾಹ ರಾಶಿ ರಾಶಿ ಹೂಳು ತಂದು ಸುರಿಯಿತು. ಸಸ್ಕ್ವೆಹಾನಾ ನದಿ ಕೊಲ್ಲಿಯನ್ನು ಸೇರುವಲ್ಲಿ ನೀರಡಿಯಲ್ಲಿದ್ದ ವಿಶಾಲ ಹುಲ್ಲುಗಾವಲು ಹೆಚ್ಚುಕಡಿಮೆ ಅಳಿದೇ ಹೋಯಿತು. ಎಲ್ಲ ತಪ್ಪನ್ನೂ ಚಂಡಮಾರುತದ ತಲೆಗೆ ಕಟ್ಟುವವರಿದ್ದಾರೆ. ಆರೋಗ್ಯವಾಗಿದ್ದ ಹಾಸಾಗಿದ್ದರೆ ಚೇತರಿಸಿಕೊಳ್ಳಲು ಅದಕ್ಕೆ ದಶಕಗಳು ಬೇಕಾಗುತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆ. 1984ರ ವೈಮಾನಿಕ ಸಮೀಕ್ಷೆಯಲ್ಲಿ ಇಡೀ ಕೊಲ್ಲಿಯಲ್ಲಿ ಕಂಡದ್ದು ಸುಮಾರು 38 ಸಾವಿರ ಎಕರೆ ಹುಲ್ಲು. 2014ರಲ್ಲಿ ಇಟ್ಟುಕೊಂಡ ಗುರಿ 1 ಲಕ್ಷ 85 ಸಾವಿರ ಎಕರೆ.

ಕ್ಯಾನ್ವಾಸ್‌ಬ್ಯಾಕ್ ಆಗ ಬಾಲ್ಟಿಕ್ ಕ್ಲ್ಯಾಮ್ ಎಂಬ ಪುಟ್ಟ ಕಪ್ಪೆಚಿಪ್ಪಿಗೆ ತಿರುಗಿತು. ಹೊಟ್ಟೆ ತುಂಬುತ್ತದೆ, ನಿಜ. ಆದರೆ ಚಿಪ್ಪು ಸಮೇತ ನುಂಗಿ ಒಳಗೇ ಅರೆಯಬೇಕು. ನುಂಗಿದ ತೂಕದಲ್ಲಿ ಬಹುಪಾಲು ಬರೀ ಚಿಪ್ಪು. ಮುಳುಗುವುದಕ್ಕೂ, ತಣ್ಣನೆಯ ನೀರಿನಲ್ಲಿ ಮೈ ಬೆಚ್ಚಗಿಟ್ಟುಕೊಳ್ಳುವುದಕ್ಕೂ ಖರ್ಚಾಗುವ ಶಕ್ತಿ ಮಾತ್ರ ಮೊದಲಿನಷ್ಟೇ. ಎಂಬತ್ತರ ದಶಕದ ಹೊತ್ತಿಗೆ ಇಲ್ಲಿ ಚಳಿಗಾಲ ಕಳೆಯುವ ಕ್ಯಾನ್ವಾಸ್‌ಬ್ಯಾಕ್‌ಗಳು ಐವತ್ತು ಸಾವಿರದ ಆಸುಪಾಸಿಗೆ ಇಳಿದಿದ್ದವು.

ಒಗ್ಗದ ಇನ್ನೊಂದು ಬಾತು ರೆಡ್‌ಹೆಡ್. ಕ್ಯಾನ್ವಾಸ್‌ಬ್ಯಾಕ್‌ನ ಹತ್ತಿರದ ನೆಂಟ, ಆದರೆ ಚಳಿಗಾಲದಲ್ಲಿ ಹೆಚ್ಚುಕಡಿಮೆ ಸಸ್ಯಾಹಾರಿ. ಚಿಪ್ಪಿನ ಊಟ ಅದಕ್ಕೆ ಹಿಡಿಸಲಿಲ್ಲ. ಕೊಲ್ಲಿಯನ್ನೇ ಬಹುಮಟ್ಟಿಗೆ ಬಿಟ್ಟಿತು. ಇಂದು ರೆಡ್‌ಹೆಡ್‌ಗಳ ಬಹುದೊಡ್ಡ ಪಾಲು ಚಳಿಗಾಲದಲ್ಲಿ ಸೇರುವುದು ಮೆಕ್ಸಿಕೋ ಕೊಲ್ಲಿಯಂಚಿನ ಲಗುನಾ ಮಾದ್ರೆಯಲ್ಲಿ. ಅಲ್ಲಿನ ಶೋಲ್‌ಗ್ರಾಸ್ ಎಂಬ ನೀರಹುಲ್ಲಿನ ಹಾಸೇ ಅವುಗಳ ಅನ್ನ. ಇಷ್ಟೊಂದು ಹಕ್ಕಿಗಳು ಒಂದೇ ಕಡೆ ನೆಚ್ಚಿಕೊಂಡಿರುವುದು ನನಗಂತೂ ಆತಂಕದ ಸಂಗತಿಯೇ.

ಹಾಗಾದರೆ ಹೊಲಕ್ಕೆ ಹೋಗಬಾರದೇ? ಕೆನಡಾ ಹೆಬ್ಬಾತುಗಳೂ ಟಂಡ್ರಾ ಹಂಸಗಳೂ ಮಾಡಿದ್ದು ಅದನ್ನೇ: ಹುಲ್ಲು ಸಿಗದಾದಾಗ ಕೊಯ್ಲಾದ ಮೆಕ್ಕೆಜೋಳದ ಹೊಲಗಳಿಗೆ ಇಳಿದವು. ಮುಳುಗು ಬಾತಿನ ಕಾಲುಗಳು ಮೈಯ ತೀರಾ ಹಿಂಭಾಗದಲ್ಲಿರುತ್ತವೆ. ನೀರೊಳಗೆ ಈಜಲು ಅದೇ ಅನುಕೂಲ, ನೆಲದ ಮೇಲೆ ಅದೇ ತೊಡಕು. ಹೊಲವೆಲ್ಲ ಓಡಾಡಿ ಕಾಳು ಆಯುವುದು ಅದರಿಂದಾಗದ ಕೆಲಸ.

ಒಂದು ಎಚ್ಚರಿಕೆ. ಇಲ್ಲಿ ಕಡಿಮೆಯಾದ ಹಕ್ಕಿಗಳೆಲ್ಲ ಸತ್ತವು ಎಂದಲ್ಲ. ಇಡೀ ಖಂಡದ ಕ್ಯಾನ್ವಾಸ್‌ಬ್ಯಾಕ್ ಸಂಖ್ಯೆ ಈ ಪ್ರಮಾಣದಲ್ಲಿ ಕುಸಿದಿಲ್ಲ. ಅವು ಮರಿಮಾಡುವ ಉತ್ತರದ ಹುಲ್ಲುಗಾವಲಿನ ಹೊಂಡಗಳಲ್ಲಿ ಆಯಾ ವರ್ಷ ಎಷ್ಟು ನೀರಿತ್ತು ಎಂಬುದರ ಮೇಲೂ ಅದು ನಿಂತಿದೆ.

ಹುಲ್ಲು ಮರಳಿದರೆ ಬಾತುಗಳೂ ಮರಳುತ್ತವೆಯೇ? ಮಾಲಿನ್ಯ ತಗ್ಗಿದಂತೆ ಹುಲ್ಲು 2018ರಲ್ಲಿ ಸುಮಾರು 1 ಲಕ್ಷ 8 ಸಾವಿರ ಎಕರೆಗೆ ಏರಿತ್ತು. ಭಾರೀ ಮಳೆಯಿಂದಾಗಿ ಮರುವರ್ಷವೇ 67 ಸಾವಿರದ ಹತ್ತಿರಕ್ಕೆ ಕುಸಿಯಿತು. ಕೊಲ್ಲಿಯ ಉಪ್ಪುನೀರಿನ ಭಾಗದಲ್ಲಿ ಹರಡಿಕೊಂಡದ್ದು ಹೆಚ್ಚಾಗಿ ವಿಜನ್‌ಗ್ರಾಸ್ ಎಂಬ ಇನ್ನೊಂದು ನೀರಹುಲ್ಲು. ಬಾತುಗಳು ಅದನ್ನು ತಿನ್ನುತ್ತವೆ, ಆದರೆ ಒಂದು ವರ್ಷ ಹುಲುಸಾಗಿ ಬೆಳೆದದ್ದು ಮುಂದಿನ ವರ್ಷ ಇದ್ದೀತೆಂಬ ಭರವಸೆಯಿಲ್ಲ. ಅಲ್ಲದೆ ವಿಮಾನದಿಂದ ಎಕರೆ ಎಣಿಸುವುದು ಎಲೆ ಹರಡಿರುವ ಬೆಚ್ಚನೆಯ ತಿಂಗಳುಗಳಲ್ಲಿ. ಬಾತುಗಳು ಬರುವುದು ಎಲೆಗಳೆಲ್ಲ ಅಳಿದ ಮೇಲೆ. ಆಗ ಕೆಸರಿನೊಳಗೆ ಗಡ್ಡೆ ಎಷ್ಟಿದೆ ಎಂಬುದನ್ನು ಆ ಎಕರೆ ಲೆಕ್ಕ ಹೇಳುವುದಿಲ್ಲ.