ಒಳಾಂಗಣ ಬೋನ್ಸಾಯ್: ಮಳೆಗಾಲದ ನೀರು ಮತ್ತು ಎಲೆ ಉದುರುವಿಕೆ

ಮಲೆನಾಡಿನಲ್ಲಿ ಬೋನ್ಸಾಯ್ ಕಲಿಯುತ್ತಿರುವ ನಾವು ಮೊದಲು ಅರಿಯಬೇಕಾದುದು, ನೀರು ಕಡಿಮೆಯಾದರೂ ಹೆಚ್ಚಾದರೂ ಎಲೆ ಉದುರುತ್ತದೆ ಎಂಬುದನ್ನು. ಒಣಗಿದ ಬೇರಿನಂತೆಯೇ, ನೀರಿನಲ್ಲಿ ಮುಳುಗಿ ಉಸಿರುಕಟ್ಟಿದ ಬೇರಿಗೂ ಎಲೆಗಳಿಗೆ ನೀರು ಪೂರೈಸಲಾಗುವುದಿಲ್ಲ. ಆಗ ಮರವು ತೊಟ್ಟಿನ ಬುಡದಲ್ಲಿ ತೆಳುವಾದ ಪದರವೊಂದನ್ನು ಸಡಿಲಗೊಳಿಸಿ ಎಲೆಯನ್ನು ಕಳಚಿಕೊಳ್ಳುತ್ತದೆ. ಆದ್ದರಿಂದ ಎಲೆ ಬಿದ್ದೊಡನೆ ಚೊಂಬು ಎತ್ತಿಕೊಳ್ಳದೆ ಮಣ್ಣನ್ನು ಪರೀಕ್ಷಿಸಬೇಕು.

ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಪುನರ್ವಸು ಮಳೆ ಹಿಡಿದಾಗ, ಜಗಲಿಗೆ ಹೊಡೆಯುವ ಎರಚಲಿಗೆ ಹೆದರಿ ಫೈಕಸ್ ಬೆಂಜಮಿನಾ (ಆಲ, ಅರಳಿಯ ಕುಲದ ಸಣ್ಣೆಲೆಯ ಮರ) ಕುಂಡವನ್ನು ನಡುಮನೆಗೆ ತಂದಿಟ್ಟು, ಬೇಸಿಗೆಯ ರೂಢಿಯಂತೆ ದಿನವೂ ನೀರು ಹಾಕುತ್ತಿದ್ದೆ. ಕೆಲವೇ ದಿನಗಳಲ್ಲಿ ಒಳಕೊಂಬೆಗಳ ಎಲೆಗಳು ಹಳದಿಯಾಗಿ, ಕುಂಡವನ್ನು ಸ್ವಲ್ಪ ಸರಿಸಿದರೂ ಉದುರತೊಡಗಿದವು. ಬಾಯಾರಿಕೆಯೆಂದು ಭಾವಿಸಿ ಇನ್ನಷ್ಟು ನೀರು ಹಾಕಿದೆ. ಕೊನೆಗೆ ಮರವನ್ನು ಹೊರತೆಗೆದಾಗ ಚರಂಡಿಯ ಕೆಸರಿನ ವಾಸನೆ ಬಂತು. ಕಂದು ಬೇರೊಂದನ್ನು ಬೆರಳಿನಿಂದ ಎಳೆದರೆ ಸಿಪ್ಪೆ ಜಾರಿ, ದಾರದಂತಹ ನಡುನಾರು ಮಾತ್ರ ಉಳಿಯಿತು. ಅಡಿಕೆಯ ಕೊಳೆರೋಗ ಕಂಡವರಿಗೆ ಇದು ಅಪರಿಚಿತವಲ್ಲ: ಅದನ್ನು ತರುವ ಫೈಟಾಫ್ತೊರಾ ಕುಲದ ಜೀವಿಗಳು ಮತ್ತು ಅವುಗಳ ಹತ್ತಿರದ ಪಿಥಿಯಂ ಜೀವಿಗಳು ಜೌಗುಮಣ್ಣಿನಲ್ಲಿ ಬೇರುಗಳನ್ನೂ ಕೊಳೆಸುತ್ತವೆ.

ಮಳೆಗಾಲದಲ್ಲಿ ಮನೆಯೊಳಗೆ ಬೆಳಕು ಕಡಿಮೆ, ಗಾಳಿಯಲ್ಲಿ ತೇವ ಹೆಚ್ಚು. ಎಲೆಗಳಿಂದ ನೀರು ಆವಿಯಾಗುವುದು ನಿಧಾನವಾಗುವುದರಿಂದ ಕುಂಡದ ನೀರು ಕುಂಡದಲ್ಲೇ ನಿಲ್ಲುತ್ತದೆ. ಜೊತೆಗೆ ಬೆಂಜಮಿನಾ ಮರವು ಜಾಗ ಬದಲಾಯಿಸಿದ ಮಾತ್ರಕ್ಕೇ ಎಲೆ ಉದುರಿಸಬಹುದು. ಇದನ್ನು ನೀರಿನ ಕೊರತೆಯೆಂದು ತಿಳಿಯುವುದೇ ದೊಡ್ಡ ತಪ್ಪು.

ಕುಂಡದ ಆಳ ಕಡಿಮೆಯಾದಷ್ಟೂ ಅಪಾಯ ಹೆಚ್ಚೆಂಬುದು ನನಗೂ ತಡವಾಗಿ ಅರ್ಥವಾಯಿತು. ನೀರು ಬಸಿದ ಮೇಲೂ ತಳದಲ್ಲಿ ಒದ್ದೆಯ ಪದರವೊಂದು ಉಳಿಯುತ್ತದೆ. ಅದರ ಎತ್ತರವನ್ನು ನಿರ್ಧರಿಸುವುದು ಮಣ್ಣಿನ ಕಣಗಳ ಗಾತ್ರವೇ ಹೊರತು ಕುಂಡದ ಆಳವಲ್ಲ. ಎರಡು ಅಂಗುಲದ ತಟ್ಟೆಗೆ ತೋಟದ ನುಣ್ಣನೆಯ ಮಣ್ಣು ತುಂಬಿದರೆ ಬೇರುಗಳು ಬಹುತೇಕ ಆ ಪದರದೊಳಗೇ ಇರುತ್ತವೆ. ಆದ್ದರಿಂದ ಇಟ್ಟಿಗೆ ಚೂರನ್ನು ಜರಡಿ ಹಿಡಿದು, ಧೂಳು ತೆಗೆದು, 2ರಿಂದ 5 ಮಿ.ಮೀ. ಗಾತ್ರದವನ್ನು ಹೆಚ್ಚಾಗಿ ಬಳಸಬೇಕು. ನೀರು ಹಾಕಿದ ನಂತರ ಕುಂಡವನ್ನು ಓರೆಯಾಗಿ ಹಿಡಿದರೆ ತಳದ ನೀರು ಇನ್ನಷ್ಟು ಬಸಿಯುತ್ತದೆ.

ಒಂದು ಬಿದಿರು ಕಡ್ಡಿಯನ್ನು ಬೇರಿಗೆ ತಾಗದಂತೆ ಮಣ್ಣಿಗೆ ಚುಚ್ಚಿ, ಹತ್ತು ನಿಮಿಷದ ಬಳಿಕ ತೆಗೆದು ಕೆನ್ನೆಗೆ ತಾಗಿಸಿ ನೋಡಿ. ತಣ್ಣಗಿದ್ದರೆ ಅಂದು ನೀರು ಬೇಡ. ಮಾರ್ಚ್–ಏಪ್ರಿಲ್‌ನಲ್ಲಿ ಎಲೆಯ ಅಂಚು ಗರಿಗರಿಯಾಗಿ ಒಣಗಿ, ಹಾಕಿದ ನೀರು ಕುಂಡದ ಬದಿಯಿಂದಲೇ ಹರಿದುಹೋದರೆ, ಆಗ ಕುಂಡವನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ನಿಲ್ಲುವವರೆಗೆ ಇಡಬೇಕು.

ಎಲೆ ಉದುರಿದ ಮರ ಸತ್ತಿತೆಂದು ಎಸೆಯದಿರಿ; ಉಗುರಿನಿಂದ ತೊಗಟೆ ಕೆರೆದಾಗ ಹಸಿರು ಕಂಡರೆ ಜೀವವಿದೆ. (ಅರಳಿಯಂತಹ ಮರಗಳು ಬೇಸಿಗೆಯ ಮುನ್ನ ಸಹಜವಾಗಿಯೇ ಎಲೆ ಉದುರಿಸುತ್ತವೆ.) ಎಲೆಯಿಲ್ಲದ ಮರ ಬಹಳ ಕಡಿಮೆ ನೀರು ಕುಡಿಯುತ್ತದೆ, ಹೊಸ ಚಿಗುರು ಬರುವವರೆಗೆ ಗೊಬ್ಬರವೂ ಬೇಡ. ನನ್ನ ಫೈಕಸ್‌ನ ಕೊಳೆತ ಬೇರುಗಳನ್ನು ಕತ್ತರಿಸಿ, ಇಟ್ಟಿಗೆ ಚೂರಿನಲ್ಲಿ ನೆಟ್ಟು ಕಿಟಕಿಯ ಬಳಿ ಇಟ್ಟೆ. ದಸರೆಯ ಹೊತ್ತಿಗೆ ಮೂರು ಕೊಂಬೆಗಳಲ್ಲಿ ಚಿಗುರು ಕಂಡಿತು, ನಾಲ್ಕನೆಯದು ಒಣಗಿತು.